ಹೆಸರು ಬರೆಯುವ ಮೇಜು

ಬೆಳಿಗ್ಗೆ ಏಳಕ್ಕೇ ತುಳಸಮ್ಮನಿಗೆ ಹುಕುಂ ಆಗಿತ್ತು:
ಇವತ್ತು ಹೂ ಗುಡಿಸಬೇಡಿ.
ಕಾನ್ಸುಲೇಟಿನವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ,
ನೆಲದ ಮೇಲೆ ಗುಲಾಬಿ ಬಣ್ಣ ಇರಲಿ.
ಹತ್ತೊಂಬತ್ತು ವರ್ಷ ಇದೇ ಕಾಲೇಜಿನ ಅಂಗಳದಲ್ಲಿ
ಇದೇ ಹೂವಿನ ದೆಸೆಯಿಂದ ಬೈಸಿಕೊಂಡವಳು
ಪೊರಕೆ ಗೋಡೆಗೊರಗಿಸಿ ನಿಂತಳು,
ಕೈ ಎಲ್ಲಿಡಬೇಕೋ ತಿಳಿಯದೆ.

ವೇದಿಕೆಯಲ್ಲಿ ಎರಡು ಬಾವುಟ, ಒಂದು ಮೈಕು.
ಕಾನ್ಸುಲ್ ಸಾಹೇಬರು ‘ಎಲ್ಲರಿಗೂ ನಮಸ್ಕಾರ’ ಎಂದರು;
ಲಕಾರ ಎರಡೂ ಜಾರಿ ರಕಾರವಾಗಿ ಬಿದ್ದವು.
ಚಪ್ಪಾಳೆ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ ಮುಟ್ಟಿತು.
ಈ ಮರಗಳನ್ನು ಕಂಡರೆ ನಮ್ಮ ಸಕುರ ನೆನಪಾಗುತ್ತದೆ ಎಂದರು.
ಪ್ರತಿ ವರ್ಷ ಯಾರಾದರೂ ಅನ್ನುತ್ತಾರೆ.
ಇದು ಬೇರೆ ಮರ, ಮತ್ತೆಲ್ಲಿಂದಲೋ ಬಂದದ್ದು.
ಪರವಾಗಿಲ್ಲ.

ನನ್ನ ಡ್ಯೂಟಿ ಹೆಸರು ಬರೆಯುವ ಮೇಜಿನಲ್ಲಿ.
ವಾರವೆಲ್ಲ ನಾನು ಪೀಣ್ಯದಲ್ಲಿ
ಬೇರಿಂಗಿನ ಗೀರು, ಬಿರುಕು, ಕೂದಲೆಳೆಯ ಕೊರತೆಗಳನ್ನು
ಆ ಭಾಷೆಯಿಂದ ಈ ಭಾಷೆಗೆ ಹೊರುವವಳು.
ದೋಷಕ್ಕೆ ನನಗೆ ಹದಿನಾಲ್ಕು ಪದ ಗೊತ್ತು.
ಬರೆಯುವವರು ನೊಗುಚಿ ಹಿಸಾಯೆ, ಎಪ್ಪತ್ತೆರಡು,
ಮಗಳ ಬಾಣಂತನಕ್ಕೆಂದು ಬಂದು
ವೀಸಾ ಮುಗಿಯುವ ಮೊದಲು
ಊರಿಗೊಂದು ಉಪಕಾರ ಎಂದು ಕುಂಚ ಹಿಡಿದವರು.

ಸಾಲಿನಲ್ಲಿ ನೀಲಿ ವಿಗ್ಗಿನ ಹುಡುಗರು,
ರಟ್ಟಿನ ಕತ್ತಿಯನ್ನು ಮೆಟ್ರೋದವರು ಕಿತ್ತುಕೊಂಡರೆಂದು
ಇನ್ನೂ ಮುಖ ಊದಿಸಿಕೊಂಡವರು.
ಪಕ್ಕದಲ್ಲಿ ಎಲೆಕೋಸಿನ ದೋಸೆಯಂಥದೇನೋ ಬೇಯುತ್ತಿತ್ತು:
ಮೊಟ್ಟೆ ಇಲ್ಲದೆ ಆಗುತ್ತಾ?
ಈರುಳ್ಳಿ?
ಹಾಗಾದರೆ ಸಾಸ್ ಮಾತ್ರ ಕೊಡಿ.

ನಗಾರಿ ಶುರುವಾದಾಗ ಎಲ್ಲರೂ ಅತ್ತ ಓಡಿದರು.
ಆಗ ಬಂದಳು. ‘ನಂದೂ ಬರೀತಾರಾ? ಎಷ್ಟು?’
ದುಡ್ಡಿಲ್ಲಮ್ಮ. ಹೆಸರು ಹೇಳಿ.

ಐದೂವರೆ ಅಕ್ಷರ ಆಯಿತು ತುಳಸಮ್ಮ.
ಅರ್ಧ ಏಕೆಂದರೆ ಅವರಲ್ಲಿ ‘ತು’ ಇಲ್ಲ,
ದೊಡ್ಡದೊಂದಕ್ಕೆ ಚಿಕ್ಕದೊಂದು ಜೋತುಹಾಕಬೇಕು.
‘ಳ’ವೂ ಇಲ್ಲ, ‘ಲ’ವೂ ಇಲ್ಲ ಎಂದೆ.
ಇರುವುದು ಒಂದೇ ‘ರ’, ಅದೂ ಪೂರಾ ಅಲ್ಲ,
ಅವಸರದಲ್ಲಿ ಬಾಗಿಲು ತಟ್ಟಿ ನಿಲ್ಲದೆ ಹೋದವರ ಹಾಗೆ.
ಬಳೆ ಅಂದರೂ, ಬಲೆ ಅಂದರೂ, ಬರೆ ಅಂದರೂ
ಇವರು ಬರೆಯುವುದು ಒಂದೇ ಥರ.

ತುಳಸಮ್ಮ ಮುಂಗೈ ನೋಡಿಕೊಂಡಳು.
ಗಾಜಿನ ಬಳೆ ಸರಿದ ಕಡೆ
ಹಳೆಯದೊಂದು ಬರೆ, ಮಿರುಗುವ ಚರ್ಮ.
‘ನಂಗೂ ಹಂಗೇ ಬಿಡವ್ವ,
ಎಲ್ಲಾ ಒಂದೇ ದಿನ ಬಂದಿದ್ದು.’

ಇದನ್ನು ನಾನು ಹಿಸಾಯೆಯವರಿಗೆ ದಾಟಿಸಲಿಲ್ಲ.
ಹದಿನಾಲ್ಕರಲ್ಲಿ ಒಂದೂ ಸರಿಹೋಗಲಿಲ್ಲ.
ಅವರು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು:
ಹೆಸರಿನ ಬಾಲದಲ್ಲಿ ಮೀನಿದೆಯಂತೆ!
‘ಸಮ್ಮ’ ಎಂದರೆ ಅವರ ಕಿವಿಗೆ ಸಾನ್‌ಮ,
ಚಳಿ ಇಣುಕುವಾಗ ಬರುವುದು, ಕತ್ತಿಯಂತೆ ಉದ್ದ,
ಉಪ್ಪು ಸವರಿ ಕೆಂಡದ ಮೇಲಿಟ್ಟರೆ
ಬೀದಿಯೆಲ್ಲ ಘಮ.
ಒಂದು ಮೂಲೆಯಲ್ಲಿ ಎರಡೇ ಗೆರೆಯಲ್ಲಿ ಬರೆದೂ ಬಿಟ್ಟರು.
‘ಮುಳ್ಳು ಜಾಸ್ತಿಯಾ?’ ಕೇಳಿದಳು ತುಳಸಮ್ಮ.
ಇದನ್ನು ದಾಟಿಸಿದೆ. ಜಾಸ್ತಿಯೇ, ಎಂದರು.

ಕೊನೆಗೆ ಪುಟ್ಟ ಡಬ್ಬಿ ತೆರೆದು
ಕೆಂಪು ಅಂಟಿಗೆ ಮುದ್ರೆ ಒತ್ತಿ
ತಮ್ಮ ಗುರುತು ಹಾಕಿದರು.
ತುಳಸಮ್ಮ ನನ್ನ ಕಡೆ ಬಾಗಿ, ಗುಟ್ಟಿನಂತೆ:
‘ಇವರೂ ಹೆಬ್ಬೆಟ್ಟಾ?’

ಹೇಗೆ ಹೇಳಲಿ, ಆ ಊರಿನಲ್ಲಿ
ಬ್ಯಾಂಕಿನಿಂದ ಮದುವೆವರೆಗೆ ಇದೇ ಎಂದು ಹೊಂಚುತ್ತಿರುವಾಗಲೇ
ಅವಳು ಸೆರಗಿಗೆ ಬೆರಳೊರೆಸಿ
ಡಬ್ಬಿಯೊಳಗದ್ದಿ
ಮೀನಿನ ಪಕ್ಕ ಒತ್ತಿದ್ದಳು.
ಹಿಸಾಯೆ ತಲೆ ಬಾಗಿಸಿದರು, ತುಂಬ ಹೊತ್ತು,
ಕಾನ್ಸುಲರಿಗೂ ಅಷ್ಟು ಬಾಗಿರಲಿಲ್ಲ.

ಸಂಜೆ ಐದೂವರೆಗೆ ಮತ್ತೆ ಹುಕುಂ: ಇನ್ನು ಗುಡಿಸಬಹುದು.
ಬಾವುಟ ಮಡಚುತ್ತಿದ್ದರು. ಹೂ ಎಲ್ಲ ತುಳಿದು ಕಂದಾಗಿತ್ತು.
ಕಾಗದ ಟಿಫನ್ ಡಬ್ಬಿಯ ಕೆಳಗೆ ಒಣಗುತ್ತಿತ್ತು.
ಪೊರಕೆಯ ಹಿಡಿಗೆ ಕೆಂಪಗೆ ಒಂದು ಗುರುತು ಬಿದ್ದಿತ್ತು.
ಸೋಮವಾರವೂ ಇದ್ದಿರಬೇಕು.
ನಾನು ಪೀಣ್ಯದಲ್ಲಿದ್ದೆ.